ಇಗತಪುರಿಯ ಕೆರೆಯಲ್ಲಿ ಒಂದು ಮುಂಜಾವು



ಇಗತಪುರಿ ಎಂದರೆ ನಿಮಗೆ ಮಳೆಗಾಲದ ಜಲಪಾತಗಳು ನೆನಪಾದಾವು, ಇಲ್ಲವೇ ವಿಪಶ್ಯನ ಕೇಂದ್ರ. ನಿಮ್ಮ ತಂದೆ-ತಾಯಿಯನ್ನು ಕೇಳಿದರೆ ಬಟಾಟೆ ವಡೆ ಎಂದಾರು! ಕಸಾರಾ ಘಟ್ಟದಲ್ಲಿ ಹಿಂದಿನಿಂದ ತಳ್ಳಿಕೊಂಡು ಬಂದ ಎಂಜಿನ್ನುಗಳನ್ನು ಬಿಚ್ಚುವಷ್ಟು ಹೊತ್ತು ಗಾಡಿ ಅಲ್ಲಿ ನಿಲ್ಲುತ್ತಿತ್ತು. ವಡೆ ಕೊಳ್ಳಲು ಅಷ್ಟು ಸಾಕಿತ್ತು. ನಾನು ಹೇಳಹೊರಟಿರುವುದು ಬೇರೆ. ಸೆಪ್ಟೆಂಬರ್ ಕೊನೆಗೆ ಮಳೆ ಇಳಿಮುಖವಾದಾಗ ಒಂದು ರಾತ್ರಿ ಅಲ್ಲಿ ಉಳಿದು, ಬೆಳಗಿನ ಐದಕ್ಕೆ ಟಾರ್ಚ್ ಹಿಡಿದು ಕೆರೆಯ ದಡದಲ್ಲಿ ಕುಳಿತುಕೊಳ್ಳಿ. ಏರೋಪ್ಲೇನ್ ಚಿಟ್ಟೆ ಹೊರಬರುವುದನ್ನು ನೋಡಲು.

ಹೆಸರಿನಲ್ಲಿದ್ದರೂ ಇದು ಚಿಟ್ಟೆಯಲ್ಲ, ನೀವು ಡ್ರ್ಯಾಗನ್‌ಫ್ಲೈ ಎನ್ನುವುದೇ ಇದು. ಮರಾಠಿಯಲ್ಲಿ ಇದಕ್ಕೆ ‘ಚತುರ’ ಎಂದೂ ಇದರ ತೆಳ್ಳನೆಯ ಸೋದರಿಗೆ ‘ಟಾಚಣಿ’, ಅಂದರೆ ಗುಂಡುಸೂಜಿ, ಎಂದೂ ಹೆಸರು. ಹೆಸರಿಡುವುದರಲ್ಲಿ ಅವರು ನಮಗಿಂತ ಒಂದು ಕೈ ಮೇಲೆಂದು ಒಪ್ಪಬೇಕು.

ಇದರ ಬಾಲ್ಯವೆಲ್ಲ ನೀರಿನಲ್ಲಿ. ಕೆಸರಿನ ಬಣ್ಣದ ಮರಿ ಮಡಚಿಟ್ಟ ಕೆಳದುಟಿಯನ್ನು ಕೈಯಂತೆ ಚಾಚಿ ಸೊಳ್ಳೆಮರಿಗಳನ್ನು ಹಿಡಿದು ತಿನ್ನುತ್ತದೆ. ಕಿವಿರುಗಳಿರುವುದು ಹಿಂಭಾಗದಲ್ಲಿ, ಹೆದರಿದರೆ ಅಲ್ಲಿಂದಲೇ ನೀರು ಚಿಮ್ಮಿಸಿ ಮುಂದಕ್ಕೆ ನುಗ್ಗುತ್ತದೆ. ಬೆಳೆದ ಮೇಲೆ ಒಂದು ರಾತ್ರಿ ಹುಲ್ಲಿನ ದಂಟು ಹಿಡಿದು ನೀರಿನಿಂದ ಮೇಲೇರುತ್ತದೆ. ಬೆನ್ನಿನ ಚರ್ಮ ಬಿರಿಯುತ್ತದೆ. ತಲೆ, ಎದೆ, ಕಾಲುಗಳು ಹೊರಬಂದು ತಲೆಕೆಳಗಾಗಿ ಜೋತುಬೀಳುತ್ತವೆ. ಮುಂದೆ ಬಹಳ ಹೊತ್ತು ಏನೂ ಆಗುವುದಿಲ್ಲ. ಸತ್ತೇಹೋಯಿತೆಂದು ನೀವು ಏಳಬೇಕೆನ್ನುವಷ್ಟರಲ್ಲಿ ತಟ್ಟನೆ ಮೇಲಕ್ಕೆ ಬಾಗಿ, ತನ್ನದೇ ಹಳೆಯ ತಲೆಯನ್ನು ಹಿಡಿದುಕೊಂಡು ಬಾಲವನ್ನು ಎಳೆದುಕೊಳ್ಳುತ್ತದೆ! ಆಗ ರೆಕ್ಕೆಗಳು ಒದ್ದೆ ಕರವಸ್ತ್ರದ ಮುದ್ದೆಯಂತಿರುತ್ತವೆ. ಮೈಯ ದ್ರವ ನರಗಳಲ್ಲಿ ತುಂಬಿದಂತೆ ಅವು ಬಿಚ್ಚಿಕೊಂಡು, ಬರಬರುತ್ತ ಗಾಜಿನಂತೆ ಹೊಳೆಯುತ್ತವೆ. ಬಿ.ಎ.ಯಲ್ಲಿ ನಾವು ಓದಿದ ಟೆನಿಸನ್ ಕವಿ ‘ದಿ ಟೂ ವಾಯ್ಸಸ್’ ಪದ್ಯದಲ್ಲಿ ಇದನ್ನು ಬರೆದಿದ್ದಾನೆ. ಪರೀಕ್ಷೆಗಾಗಿ ಓದಿದಾಗ ಇಷ್ಟೊಂದು ಅಚ್ಚರಿ ಎನಿಸಿರಲಿಲ್ಲ.

ದಯವಿಟ್ಟು ಮುಟ್ಟಬೇಡಿ. ಆ ಹೊತ್ತಿನಲ್ಲಿ ಅದಕ್ಕೆ ಹಾರಲಾಗದು, ಓಡಲಾಗದು. ಇರುವೆ ಬಂದರೂ, ಗಾಳಿಗೆ ಎದುರಿನ ಎಲೆ ಬಡಿದರೂ ರೆಕ್ಕೆ ಸೊಟ್ಟಗಾಗಿ ಅದರ ಕತೆ ಮುಗಿಯಿತು. ನಾನು ನೋಡಿದ ಬೆಳಗು ಐದರಲ್ಲಿ ಎರಡನ್ನು ಕಾಜಾಣ ಎತ್ತಿಕೊಂಡು ಹೋಯಿತು. ಅಂದ ಹೆಚ್ಚಿಸುತ್ತೇವೆಂದು ಕೆರೆಯ ಹುಲ್ಲು ಕಿತ್ತು ದಡಕ್ಕೆ ಸಿಮೆಂಟ್ ಹಾಕುವವರ ಮೇಲೆ ನನಗೆ ಕೋಪ ಬರುವುದು ಇದಕ್ಕೇ. ಮೇಲೇರಲು ಹಿಡಿಯುವುದಾದರೂ ಏನನ್ನು?

ಇವುಗಳಲ್ಲಿ ಹಳದಿ ಮೈಯ ‘ಪಂಟಾಲಾ ಫ್ಲೇವೆಸೆನ್ಸ್’ ಎಂಬ ಜಾತಿಯ ಕತೆ ಕೇಳಿ. ಇದು ಮಳೆಯ ಹೊಂಡಗಳಲ್ಲೇ ಎರಡು ತಿಂಗಳೊಳಗೆ ಬೆಳೆದುಬಿಡುತ್ತದೆ. ಮಾಲ್ಡೀವ್ಸಿನಲ್ಲಿ ನೆಲೆಸಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ವಿಜ್ಞಾನಿ, ಸಿಹಿನೀರಿನ ಕೆರೆಗಳು ಇಲ್ಲವೆನ್ನುವಷ್ಟು ಕಡಿಮೆಯಿರುವ ಆ ದ್ವೀಪಗಳಿಗೆ ಪ್ರತಿ ಅಕ್ಟೋಬರಿನಲ್ಲಿ ಇವು ದಂಡುಗಟ್ಟಿ ಬರುವುದನ್ನು ಕಂಡರು. ಭಾರತದಿಂದ ಹೊರಟು ಸಮುದ್ರ ದಾಟಿ ಪೂರ್ವ ಆಫ್ರಿಕಾ ಸೇರುತ್ತವೆ ಎಂದು 2009ರಲ್ಲಿ ಬರೆದರು. ಅವರ ಲೆಕ್ಕದಂತೆ ಹೋದವು ಹಿಂತಿರುಗುವುದಿಲ್ಲ. ಅಲ್ಲಿ ಹುಟ್ಟಿದ ಮಕ್ಕಳೋ ಮೊಮ್ಮಕ್ಕಳೋ, ತಾವು ಎಂದೂ ಕಾಣದ ಈ ನೆಲಕ್ಕೆ, ಯಾರೂ ದಾರಿ ತೋರಿಸದೆ, ಮುಂಗಾರಿನ ಗಾಳಿ ಹಿಡಿದು ಬರುತ್ತವೆ. (ರಜೆಯಲ್ಲಿ ಅಜ್ಜಿಯ ಊರಿಗೆ ಹೋಗೋಣವೆಂದರೆ ಮುಖ ಸಿಂಡರಿಸುವವರು ಇದನ್ನು ಎರಡು ಸಲ ಓದಬಹುದು!)

ಹೋಗುವಾಗ ಒಂದು ಖಾಲಿ ಬೆಂಕಿಪೆಟ್ಟಿಗೆ ಒಯ್ಯಿರಿ. ಬಿಸಿಲೇರಿ ಅವು ಹಾರಿಹೋದ ಮೇಲೆ ದಂಟಿನಲ್ಲಿ ಉಳಿಯುವ ಪೊರೆಯನ್ನು ತರಲು ಅಡ್ಡಿಯಿಲ್ಲ. ಅದರ ಬೆನ್ನಿನ ಸೀಳಿನಲ್ಲಿ ಬಿಳಿಯ ನೂಲಿನಂಥ ಎಳೆಗಳು ಕಾಣುತ್ತವೆ. ಅವು ನೀರಿನೊಳಗಿದ್ದಾಗಿನ ಉಸಿರ್ನಾಳಗಳ ಒಳಪೊರೆ.