ಬಂದರಿನಲ್ಲೊಂದು ಹಗಲು

ಅವಸರದ ಪ್ರಯಾಣದ ನಡುವೆ ಅನಿರೀಕ್ಷಿತವಾಗಿ ದೊರೆಯುವ ವಿರಾಮವು ದೇಹಕ್ಕೆ ಎಷ್ಟು ಹಿತಕರವೋ ಮನಸ್ಸಿಗೆ ಅಷ್ಟೇ ತೊಡಕಿನದು. ಕಾಲು ನಿಂತೊಡನೆ ಯೋಚನೆಯು ನಡೆಯಲಾರಂಭಿಸುವುದು. ಮೈಸೂರಿನ ಬಳಿಯ ಕಡಕೊಳದ ಗೃಹಸ್ಥರೊಬ್ಬರಿಗೆ ಮಂಗಳೂರಿನಲ್ಲಿ ಅಂತಹ ಒಂದು ಹಗಲು ಒದಗಿತು. ಉಡುಪಿಯಲ್ಲಿ ನೆಲಸಿರುವ ಅಣ್ಣನವರಿಂದ ಕಾಗದವೊಂದಕ್ಕೆ ರುಜು ಹಾಕಿಸಿಕೊಂಡು ಅವರು ಊರಿಗೆ ಮರಳುತ್ತಿದ್ದರು. ತಂದೆ ಕಟ್ಟಿಸಿದ ಹೆಂಚಿನ ಮನೆಯನ್ನು ಕೆಡವಿ ತಾರಸಿಯ ಮನೆಯನ್ನು ಕಟ್ಟಿಸುವುದಕ್ಕೆ ಒಪ್ಪಿಗೆ ಎಂಬುದೇ ಆ ಕಾಗದದ ಸಾರ. ಮೈಸೂರಿನ ರೈಲು ಹೊರಡುವುದು ರಾತ್ರಿ.

ಅವರು ಹಳೆಯ ಬಂದರಿನ ಧಕ್ಕೆಗೆ ಹೋಗಿ ನೆರಳು ಹಿಡಿದು ಕುಳಿತರು. ನೇತ್ರಾವತಿ, ಫಲ್ಗುಣಿಗಳೆರಡೂ ಕಡಲನ್ನು ಕೂಡುವ ಈ ತಾಣವನ್ನು ಇಬ್ನ್ ಬತೂತನು ಹದಿನಾಲ್ಕನೆಯ ಶತಮಾನದಲ್ಲಿಯೇ ಕಂಡಿದ್ದನು. ದೊಡ್ಡ ಹಡಗುಗಳು ಈಗ ಪಣಂಬೂರಿಗೆ ಹೋಗುತ್ತವೆ. ಇಲ್ಲಿ ಲಕ್ಷದ್ವೀಪಕ್ಕೆ ಸರಕನ್ನು ಒಯ್ಯುವ ಮಂಜಿಗಳು ನಿಲ್ಲುತ್ತವೆ. ಗಾಳಿ ತಂಪಾಗಿತ್ತು. ಎಳನೀರು ಕುಡಿದು, ಮೆಟ್ಟು ಕಳಚಿಟ್ಟು, ಅವರು ಅರೆಗಳಿಗೆ ಕಣ್ಣು ಮುಚ್ಚಿದರು. ಎಚ್ಚತ್ತಾಗ ಎದುರಿನ ಉಗ್ರಾಣದ ಕೆಂಪು ಮಾಡು ಕಣ್ಣಿಗೆ ಬಿದ್ದಿತು.

ಬಾಲ್ಯದಲ್ಲಿ ತಂದೆಯ ಪಕ್ಕದಲ್ಲಿ ಅಂಗಾತ ಮಲಗಿ ಅವರು ಮೊದಲು ಕೂಡಿಸಿ ಓದಿದ ಇಂಗ್ಲಿಷ್ ಅಕ್ಷರಗಳು ಮಾಡಿನ ಹೆಂಚಿನವು: ಬಾಸೆಲ್ ಮಿಶನ್, 1865. ಆ ಮಿಶನ್ ಸ್ವಿಟ್ಜರ್ಲೆಂಡಿನದಾದರೂ ಅದರಿಂದ 1834ರಲ್ಲಿ ಈ ಬಂದರಿಗೆ ಬಂದವರಲ್ಲಿಯೂ ಅವರ ಹಿಂದೆ ಬಂದವರಲ್ಲಿಯೂ ಜರ್ಮನರೇ ಹೆಚ್ಚು. ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು; ಉತ್ತರ ಜರ್ಮನಿಯ ಕಡಲ ಸೀಮೆಯಲ್ಲಿ ಹುಟ್ಟಿದ ಕಿಟ್ಟೆಲರ ನಿಘಂಟು 1894ರಲ್ಲಿ ಇಲ್ಲಿಯೇ ಅಚ್ಚಾಯಿತು. ಪ್ಲೆಬ್ಸ್ಟರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ವರ್ಷವರ್ಷವೂ ಕೈಯಾಡಿಸಬೇಕಾಗಿದ್ದ ನಾಡಹೆಂಚಿನ ಬದಲಿಗೆ, ಒಂದರ ಅಂಚು ಇನ್ನೊಂದನ್ನು ಕಚ್ಚಿಕೊಂಡು ನಿಲ್ಲುವ ಹೆಂಚು ಬಂದಿತು. ಪರದೇಶದವರ ವಿದ್ಯೆ, ನದೀತೀರದ ಜೇಡಿ, ಈ ನಾಡಿನ ಕೂಲಿಕಾರರ ಕೈ ಇವು ಮೂರೂ ಅದರಲ್ಲಿ ಬೆಂದು ಒಂದಾಗಿದ್ದವು. 1914ರ ಯುದ್ಧದಲ್ಲಿ ಜರ್ಮನರು ಶತ್ರುಗಳೆನಿಸಿದರು. ಕಾರ್ಖಾನೆಗಳು ಕೈ ಬದಲಾದವು. ಮಾಡಿನ ಮೇಲಿದ್ದ ಹೆಂಚುಗಳು ಮಾತ್ರ ಯಾರ ಪಕ್ಷವನ್ನೂ ಹಿಡಿಯದೆ ಮಳೆಯನ್ನು ತಡೆಯುತ್ತಲೇ ಇದ್ದವು.

ಸರಕು ಹೊತ್ತು ದಣಿದ ಮುದುಕನೊಬ್ಬನು ಬಂದು ಪಕ್ಕದಲ್ಲಿ ಕುಳಿತನು. ‘ಯಾವ ಊರು ಮಾರಾಯ್ರೆ?’ ಎಂದು ಕೇಳಿದನು. ಮಾತು ಬೆಳೆದು ಮನೆ ಕೆಡಹುವ ವಿಷಯಕ್ಕೆ ಬಂದಿತು. ಅವನು ಹರೆಯದಲ್ಲಿ ಮಾಡು ಹೊದಿಸುವ ಕೆಲಸ ಮಾಡಿದವನು.

‘ಹೆಂಚನ್ನು ಹೊದಿಸುವುದು ಕೆಳಗಿನಿಂದ, ತೆಗೆಯುವುದು ಮೇಲಿನಿಂದ. ಅವಸರ ಮಾಡಿದರೆ ಒಡೆದು ಹೋಗ್ತದೆ. ಒಂದೊಂದಾಗಿ ತೆಗೆದರೆ ಇನ್ನೊಂದು ಮಾಡಿಗೆ ಆಗ್ತದೆ,’ ಎಂದನು.

ಗೃಹಸ್ಥರು ಬಹಳ ಹೊತ್ತು ಮಾತನಾಡಲಿಲ್ಲ. ಮನೆ ಉಳಿಯುವಂತಿರಲಿಲ್ಲ, ತೊಲೆಗಳಿಗೆ ಗೆದ್ದಲು ಹಿಡಿದಿತ್ತು. ಗುತ್ತಿಗೆದಾರನು ಒಂದೇ ದಿನದಲ್ಲಿ ಯಂತ್ರದಿಂದ ಕೆಡವಿಕೊಡುವೆನೆಂದು ಮಾತು ಕೊಟ್ಟಿದ್ದನು. ಅವರು ಜೇಬಿನ ಕಾಗದವನ್ನು ಬಿಡಿಸಿ, ಅಣ್ಣನ ರುಜುವಿನ ಕೆಳಗೆ ತಮ್ಮ ಕೈಯಿಂದ ಒಂದು ಸಾಲು ಬರೆದರು: ಮೊದಲು ಹೆಂಚುಗಳನ್ನು ಕೈಯಿಂದ ಇಳಿಸತಕ್ಕದ್ದು, ಅವುಗಳಿಂದ ಹೊಸ ಮನೆಯ ಮುಂದೆ ಜಗಲಿಗೆ ಮಾಡು ಹೊದಿಸತಕ್ಕದ್ದು. ಬಳಿಕ ಅಣ್ಣನವರಿಗೆ ದೂರವಾಣಿಯಲ್ಲಿ ಅದನ್ನು ಓದಿ ಹೇಳಿದರು. ಆ ಕಡೆಯಿಂದ ಕ್ಷಣಕಾಲ ಮೌನ. ಅನಂತರ, ‘ಅಪ್ಪ ಮಲಗುತ್ತಿದ್ದ ಕಡೆಯ ಹೆಂಚು ಮೊದಲು ಇಳಿಸು, ತಮ್ಮಾ,’ ಎಂಬ ಮಾತು ಕೇಳಿಸಿತು.

ಸಂಜೆಯಾಯಿತು. ಮಂಜಿಯೊಂದು ಭಾರದಿಂದ ತಗ್ಗಿ ಅಳಿವೆಯ ಕಡೆಗೆ ಮೆಲ್ಲನೆ ಸಾಗಿತು. ಗೃಹಸ್ಥರು ಮೆಟ್ಟು ಮೆಟ್ಟಿಕೊಂಡು ರೈಲು ನಿಲ್ದಾಣದ ದಾರಿ ಹಿಡಿದರು.