ವಾದದಲ್ಲಿ ಗೆದ್ದವರು

ಭಾರತವಾಚನ ನಡೆಯುವ ಊರುಗಳಲ್ಲಿ ಒಂದು ವಿಚಿತ್ರವನ್ನು ಕಾಣಬಹುದು. ಕರ್ಣನು ಯುದ್ಧದಲ್ಲಿ ಬೀಳುವನೆಂಬುದು ಕೇಳಲು ಬಂದವರಿಗೆಲ್ಲ ತಿಳಿದಿರುತ್ತದೆ. ಅವರ ತಂದೆ ತಾತಂದಿರಿಗೂ ತಿಳಿದಿತ್ತು. ಆದರೂ ಕರ್ಣಪರ್ವದ ರಾತ್ರಿ ಜಗಲಿಯ ಮೇಲೆ ಎರಡು ಪಕ್ಷಗಳಾಗುತ್ತವೆ. ರಥದ ಗಾಲಿ ಹೂತುಹೋಗದಿದ್ದರೆ ಏನಾಗುತ್ತಿತ್ತು, ಶಲ್ಯನು ಮನಸ್ಸಿಟ್ಟು ಸಾರಥ್ಯ ಮಾಡಿದ್ದರೆ ಏನಾಗುತ್ತಿತ್ತು ಎಂದು ದೀಪದ ಎಣ್ಣೆ ತೀರುವವರೆಗೂ ಚರ್ಚೆ ನಡೆಯುತ್ತದೆ. ಫಲ ಗೊತ್ತಾದ ಮೇಲೆ ವಾದವೇಕೆಂದು ಕೇಳುವವನು ಮನುಷ್ಯಸ್ವಭಾವವನ್ನು ಅರಿಯದವನು. ಫಲ ಗೊತ್ತಾದ ಮೇಲೆಯೇ ಎಷ್ಟೋ ವಾದಗಳಿಗೆ ಕಳೆಯೇರುವುದು.

ಕ್ರಿಕೆಟ್ಟಿನ ಆಟವು ನಮ್ಮ ನಾಡಿಗೆ ಬಂದು ಬೇರೂರಿದ ಮೇಲೆ ಈ ಸ್ವಭಾವಕ್ಕೆ ಹೊಸದೊಂದು ಕುರುಕ್ಷೇತ್ರ ದೊರೆಯಿತು. ಅರಕಲಗೂಡಿನಂತಹ ಊರಿನಲ್ಲಿ ಟೆಸ್ಟು ಪಂದ್ಯವನ್ನು ಕಣ್ಣಾರೆ ಕಂಡವರು ಬೆರಳೆಣಿಕೆಗೂ ಸಾಲದಷ್ಟು ಮಂದಿ. ಆದರೆ ಕುರುಕ್ಷೇತ್ರವನ್ನು ತಾನೆ ಯಾರು ಕಂಡಿದ್ದರು? ಸಂಜಯನ ಮಾತನ್ನು ಕೇಳಿ ಧೃತರಾಷ್ಟ್ರನು ಯುದ್ಧವನ್ನು ಕಂಡಂತೆ, ರೇಡಿಯೋವಿನ ಮಾತನ್ನು ಕೇಳಿ ಪೇಟೆಬೀದಿಯ ಜನ ಪಂದ್ಯವನ್ನು ಕಾಣುತ್ತಿದ್ದರು. ಧೃತರಾಷ್ಟ್ರನಿಗಿದ್ದ ಪಕ್ಷಪಾತವೂ ಸಂಕಟವೂ ಅವರಿಗೂ ಇದ್ದುವು.

೧೯೭೪ನೆಯ ಇಸವಿಯ ಕೊನೆಯಲ್ಲಿ ಈ ಬೀದಿಯ ಒಂದು ಜವಳಿ ಅಂಗಡಿಯೇ ಅಂತಹ ಸಭೆಗೆ ಸ್ಥಾನವಾಗಿತ್ತು. ಅಂಗಡಿಯ ಯಜಮಾನರಾದ ಶೆಟ್ಟರು ಒಂದು ಪಕ್ಷಕ್ಕೆ ನಾಯಕರು. ಗಣಿತದ ಮೇಷ್ಟರೊಬ್ಬರು ಇನ್ನೊಂದಕ್ಕೆ. ಇಬ್ಬರೂ ಭಾರತದ ತಂಡದ ಅಭಿಮಾನಿಗಳೇ. ಹಾಗಿದ್ದೂ ಪ್ರತಿಪಕ್ಷಗಳಾದುದು ಹೇಗೆಂದರೆ, ಶೆಟ್ಟರು ‘ಗೆಲ್ಲುತ್ತೇವೆ’ ಎಂಬ ಪಕ್ಷ, ಮೇಷ್ಟರು ‘ಸೋಲುತ್ತೇವೆ’ ಎಂಬ ಪಕ್ಷ. ಊರಿನ ಉಳಿದವರು ತಮ್ಮ ತಮ್ಮ ಪ್ರಕೃತಿಗೆ ತಕ್ಕಂತೆ ಇವರ ಹಿಂದೆ ಹಂಚಿಹೋಗಿದ್ದರು.

ಎರಡು ಪಕ್ಷಗಳಿಗೂ ಆಧಾರವಿಲ್ಲದಿರಲಿಲ್ಲ. ೧೯೭೧ರಲ್ಲಿ ಅಜಿತ್ ವಾಡೇಕರರ ನಾಯಕತ್ವದಲ್ಲಿ ಭಾರತವು ವೆಸ್ಟ್ ಇಂಡೀಸನ್ನು ಅವರ ನೆಲದಲ್ಲಿಯೂ, ಅದೇ ವರುಷ ಇಂಗ್ಲೆಂಡನ್ನು ಅವರ ನೆಲದಲ್ಲಿಯೂ ಸೋಲಿಸಿತ್ತು. ಓವಲ್ ಮೈದಾನದಲ್ಲಿ ಮೈಸೂರಿನ ಚಂದ್ರಶೇಖರರು ೩೮ ರನ್ನು ಕೊಟ್ಟು ೬ ವಿಕೆಟ್ಟು ಕೆಡವಿದ್ದನ್ನು ಶೆಟ್ಟರು ಲೇವಾದೇವಿಯ ಲೆಕ್ಕದಂತೆ ಬಾಯಿಪಾಠ ಹೇಳುತ್ತಿದ್ದರು. ಇದಕ್ಕೆ ಮೇಷ್ಟರು ಕೊಡುತ್ತಿದ್ದ ಉತ್ತರ ಒಂದೇ ಸಂಖ್ಯೆ: ‘ನಲವತ್ತೆರಡು.’ ೧೯೭೪ರ ಜೂನ್ ತಿಂಗಳಲ್ಲಿ ಲಾರ್ಡ್ಸ್ ಮೈದಾನದಲ್ಲಿ ಭಾರತದ ತಂಡವು ೪೨ ರನ್ನಿಗೆ ಉದುರಿಹೋಗಿ, ಆ ಸರಣಿಯ ಮೂರು ಪಂದ್ಯಗಳನ್ನೂ ಸೋತು ಬಂದಿತ್ತು. ಆ ಸಂಖ್ಯೆಯನ್ನು ಉಚ್ಚರಿಸಿದೊಡನೆ ಅಂಗಡಿಯಲ್ಲಿ ಮೌನವುಂಟಾಗುತ್ತಿತ್ತು.

ನವೆಂಬರಿನಲ್ಲಿ ವೆಸ್ಟ್ ಇಂಡೀಸಿನವರು ಬಂದು ಬೆಂಗಳೂರಿನ ಹೊಸ ಮೈದಾನದಲ್ಲಿ ಮೊದಲನೆಯ ಟೆಸ್ಟನ್ನು ಆಡಿದರು. ಆ ಮೈದಾನಕ್ಕೂ ಅದೇ ಮೊದಲನೆಯ ಟೆಸ್ಟು. ಚಿಕ್ಕಪೇಟೆಗೆ ಜವಳಿ ಕೊಳ್ಳಲು ಹೋಗಿದ್ದ ಶೆಟ್ಟರು ಒಂದು ದಿನದ ಆಟವನ್ನು ನೋಡಿಕೊಂಡೇ ಬಂದರು. ಇದರಿಂದ ಸಭೆಯಲ್ಲಿ ಅವರ ಸ್ಥಾನ ಒಂದು ಮೆಟ್ಟಿಲು ಏರಿತು. ಮೇಷ್ಟರದು ಅನುಮಾನಪ್ರಮಾಣ, ಶೆಟ್ಟರದು ಪ್ರತ್ಯಕ್ಷಪ್ರಮಾಣ. ಪಂದ್ಯವೇನೋ ೨೬೭ ರನ್ನುಗಳಿಂದ ಕೈಬಿಟ್ಟಿತ್ತು. ಆದರೂ ಆ ಪಂದ್ಯದಲ್ಲಿಯೇ ಟೆಸ್ಟು ಆಟಕ್ಕೆ ಕಾಲಿಟ್ಟ ರಿಚರ್ಡ್ಸ್ ಎಂಬ ಹುಡುಗನನ್ನು ಚಂದ್ರಶೇಖರರು ಎರಡು ಸಲವೂ ೪ ಮತ್ತು ೩ ರನ್ನಿಗೆ ಹಿಂದಕ್ಕೆ ಕಳುಹಿಸಿದ್ದರು. ‘ಕಣ್ಣಾರೆ ಕಂಡು ಬಂದಿದ್ದೇನೆ, ಮೇಷ್ಟ್ರೆ. ಆ ಹುಡುಗನಿಂದ ಏನೂ ಆಗುವುದಿಲ್ಲ’ ಎಂದರು ಶೆಟ್ಟರು. ಮೂರು ವಾರಗಳೊಳಗೆ ದೆಹಲಿಯಲ್ಲಿ ಆ ಹುಡುಗ ಔಟಾಗದೆ ೧೯೨ ರನ್ನು ಹೊಡೆದನು. ಭಾರತವು ಒಂದು ಇನಿಂಗ್ಸಿನಿಂದ ಸೋತಿತು. ಪ್ರತ್ಯಕ್ಷಪ್ರಮಾಣವು ಅಂದಿನಿಂದ ತುಸು ತಲೆತಗ್ಗಿಸಿ ನಡೆಯತೊಡಗಿತು.

ಎರಡು ಪಂದ್ಯ ಸೋತ ಮೇಲೆ ಉಳಿದುವು ಮೂರು. ‘ಇನ್ನೇನು, ಐದಕ್ಕೆ ಐದು’ ಎಂದರು ಮೇಷ್ಟರು. ಆದರೆ ಕಲ್ಕತ್ತೆಯಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ವಿಶ್ವನಾಥರು ೧೩೯ ರನ್ನು ಹೊಡೆದು, ೧೯೭೫ರ ಜನವರಿ ಒಂದನೆಯ ತಾರೀಖು ಭಾರತವು ೮೫ ರನ್ನುಗಳಿಂದ ಗೆದ್ದಿತು. ಮದರಾಸಿನಲ್ಲಿ ಆಂಡಿ ರಾಬರ್ಟ್ಸ್ ಏಳು ಮಂದಿಯನ್ನು ಕೆಡವಿದರೂ ಅದೇ ವಿಶ್ವನಾಥರು ಒಂದು ಕೊನೆಯಲ್ಲಿ ನಿಂತು ೯೭ ರನ್ನು ಮಾಡಿದರು. ಜೊತೆಗೆ ನಿಲ್ಲುವವರೇ ಇಲ್ಲವಾಗಿ ಶತಕಕ್ಕೆ ಮೂರು ಉಳಿಯಿತು. ತಂಡದ ಒಟ್ಟು ಮೊತ್ತ ೧೯೦. ತರುವಾಯ ಪ್ರಸನ್ನರೂ ಬೇಡಿಯವರೂ ಚೆಂಡನ್ನು ತಿರುಗಿಸಿ ೧೦೦ ರನ್ನುಗಳ ಗೆಲವನ್ನು ತಂದುಕೊಟ್ಟರು. ಅಂದು ಸಂಕ್ರಾಂತಿಯ ಮಾರನೆಯ ದಿನ. ಮನೆಯಲ್ಲಿ ಉಳಿದಿದ್ದ ಎಳ್ಳುಬೆಲ್ಲವನ್ನೆಲ್ಲ ಶೆಟ್ಟರು ಅಂಗಡಿಗೆ ತರಿಸಿ ಬಂದವರಿಗೆಲ್ಲ ಹಂಚಿದರು. ಮೇಷ್ಟರಿಗೆ ಎರಡು ಹಿಡಿ ಹೆಚ್ಚಾಗಿಯೇ ಕೊಟ್ಟರು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಬೇಕೆಂಬುದು ಪದ್ಧತಿಯಷ್ಟೆ. ಮೇಷ್ಟರು ಎಳ್ಳುಬೆಲ್ಲವನ್ನು ತಿಂದು, ‘ಮುಂಬಯಿಯಲ್ಲಿ ಸೋಲುತ್ತೇವೆ’ ಎಂದರು.

ಆಗ ಸರಣಿಯು ಎರಡಕ್ಕೆ ಎರಡು ಸಮವಾಗಿತ್ತು. ಒಂದೇ ಪಂದ್ಯ ಉಳಿದಿತ್ತು. ಅದುವರೆಗೆ ನಗೆಯಾಡುತ್ತಿದ್ದ ವಾದದ ಬಣ್ಣ ಆ ವಾರದಲ್ಲಿ ಬದಲಾಯಿಸಿತು. ಶೆಟ್ಟರ ವಾದಕ್ಕೆ ಇನ್ನೊಂದು ಬಲವಿದ್ದಿತು. ಹಿಂದಿನ ಮಾರ್ಚಿನಲ್ಲಿ, ಹದಿನೈದು ವರುಷ ಬಿಡದೆ ರಣಜಿ ಪಾರಿತೋಷಕವನ್ನು ಹಿಡಿದುಕೊಂಡಿದ್ದ ಮುಂಬಯಿಯ ತಂಡವನ್ನು ಕರ್ಣಾಟಕದವರು ಬೆಂಗಳೂರಿನಲ್ಲಿ ಹಿಂದಿಕ್ಕಿ, ಆಮೇಲೆ ಪಾರಿತೋಷಕವನ್ನೂ ಗೆದ್ದಿದ್ದರು. ಆಗಲೂ ಮೇಷ್ಟರು ‘ಆಗದು’ ಎಂದೇ ಹೇಳಿದ್ದರು. ಶೆಟ್ಟರು ಇದನ್ನು ನೆನಪಿಗೆ ತಂದರು. ಮೇಷ್ಟರು ಲಾಯ್ಡರ ಲೆಕ್ಕ, ರಿಚರ್ಡ್ಸರ ಲೆಕ್ಕ, ರಾಬರ್ಟ್ಸರ ವೇಗ ಇವುಗಳನ್ನೆಲ್ಲ ಕೂಡಿಸಿ ಕಳೆದು, ಮತ್ತೆ ಅದೇ ಉತ್ತರಕ್ಕೆ ಬಂದು ನಿಂತರು. ಶೆಟ್ಟರಿಗೆ ಸೈರಣೆ ಮೀರಿತು. ಹತ್ತು ಜನರ ಎದುರಿನಲ್ಲಿ ಹೇಳಬಾರದ ಮಾತೊಂದು ಅವರ ಬಾಯಿಂದ ಬಿದ್ದುಹೋಯಿತು: ‘ನಮ್ಮವರು ಸೋಲಲಿ ಎಂಬುದೇ ನಿಮ್ಮ ಬಯಕೆ, ಮೇಷ್ಟ್ರೆ. ನಿಮ್ಮ ಲೆಕ್ಕ ಗೆದ್ದರೆ ಸಾಕು ನಿಮಗೆ.’

ಮೇಷ್ಟರು ಉತ್ತರ ಕೊಡಲಿಲ್ಲ. ಪಕ್ಕದಲ್ಲಿದ್ದ ಕೊಡೆಯನ್ನು ತೆಗೆದುಕೊಂಡು ಎದ್ದುಹೋದರು.

ಜನವರಿ ೨೩ರಂದು ಮುಂಬಯಿಯಲ್ಲಿ, ಆಗ ತಾನೆ ಕಟ್ಟಿದ್ದ ವಾಂಖೆಡೆ ಮೈದಾನದಲ್ಲಿ, ಆಟ ಮೊದಲಾಯಿತು. ಅಂಗಡಿಯ ಸಭೆ ಸೇರಿತು, ಮೇಷ್ಟರು ಬರಲಿಲ್ಲ. ಅವರಿಲ್ಲದುದರ ಕಷ್ಟ ಅರ್ಧ ಗಂಟೆಯೊಳಗೆ ಎಲ್ಲರಿಗೂ ತಿಳಿಯಿತು. ರೇಡಿಯೋ ಆಡುತ್ತಿದ್ದುದು ಇಂಗ್ಲಿಷಿನಲ್ಲಿ, ನಡುನಡುವೆ ಹಿಂದಿಯಲ್ಲಿ. ಅದನ್ನು ಕೇಳಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದವರು ಮೇಷ್ಟರು. ಚೆಂಡು ಎಲ್ಲಿ ಬಿತ್ತು, ದಾಂಡಿಗ ಯಾವ ಕಾಲನ್ನು ಮುಂದಿಟ್ಟ, ಗೂಗ್ಲಿ ಎಂದರೇನು ಎಂಬುದನ್ನೆಲ್ಲ ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆಯೆಳೆದು ತೋರಿಸುತ್ತಿದ್ದವರೂ ಅವರೇ. ಆ ಕೆಲಸಕ್ಕೆ ಹೈಸ್ಕೂಲಿನ ಹುಡುಗನೊಬ್ಬನನ್ನು ಕೂರಿಸಿದರು. ಅವನು ‘ಲಾಯ್ಡ್ ಹೊಡೆದ’ ಎಂಬುದೊಂದನ್ನು ಬಿಟ್ಟು ಬೇರೇನನ್ನೂ ಹೇಳಲಿಲ್ಲ. ಅದರಲ್ಲಿ ಹುಡುಗನ ತಪ್ಪೇನೂ ಇರಲಿಲ್ಲ. ಲಾಯ್ಡ್ ಔಟಾಗದೆ ೨೪೨ ರನ್ನು ಹೊಡೆದರು. ಅವರ ತಂಡ ೬ ವಿಕೆಟ್ಟಿಗೆ ೬೦೪ ಎಂದು ಇನಿಂಗ್ಸನ್ನು ಮುಗಿಸಿತು.

ಸಭೆಯಲ್ಲಿ ‘ಸೋಲುತ್ತೇವೆ’ ಎನ್ನುವವರು ಒಬ್ಬರೂ ಉಳಿದಿರಲಿಲ್ಲ. ನಾಯಕರಿಲ್ಲದ ಪಕ್ಷ ಚದುರಿಹೋಗಿತ್ತು. ಶೆಟ್ಟರು ‘ಗೆಲ್ಲುತ್ತೇವೆ’ ಎಂದರೆ ಎಲ್ಲರೂ ‘ಹೌದು’ ಎಂದರು. ಎದುರು ಹೇಳುವವರಿಲ್ಲದ ಮೇಲೆ ಆ ಮಾತಿಗೆ ಸತ್ತ್ವವೇ ಇಲ್ಲವಾಯಿತು. ತಕ್ಕಡಿಯ ಒಂದು ತಟ್ಟೆಯನ್ನು ತೆಗೆದಿಟ್ಟು ಇನ್ನೊಂದರಲ್ಲಿ ತೂಗುವುದೆಂತು? ಮೇಷ್ಟರು ‘ಇಲ್ಲ’ ಎಂದಾಗ ತಮ್ಮೊಳಗಿನ ಧೈರ್ಯ ಇಮ್ಮಡಿಯಾಗುತ್ತಿದ್ದುದನ್ನೂ, ಅವರಿಲ್ಲದಾಗ ‘ಇಲ್ಲ’ ಎನ್ನುವ ದನಿ ತಮ್ಮ ಎದೆಯಿಂದಲೇ ಏಳುತ್ತಿರುವುದನ್ನೂ ಶೆಟ್ಟರು ಕಂಡುಕೊಂಡರು. ಸೋಲ್ಕರ್ ಶತಕ ಹೊಡೆದರು. ವಿಶ್ವನಾಥರು ೯೫ಕ್ಕೆ ಔಟಾದರು. ಭಾರತ ೪೦೬ ಮಾಡಿತು. ಸಂತೋಷಪಡುವುದಕ್ಕೂ ಸಭೆಗೆ ಮನಸ್ಸು ಬರಲಿಲ್ಲ.

ಮೇಷ್ಟರ ಮನೆಯಲ್ಲಿ ರೇಡಿಯೋ ಇರಲಿಲ್ಲ. ಅವರು ಆ ದಿನಗಳಲ್ಲಿ ಪಂದ್ಯವನ್ನು ಮರೆತು ಮನೆಯಲ್ಲಿ ಕುಳಿತಿದ್ದರೆಂದು ಊರು ತಿಳಿದಿತ್ತು. ಆದರೆ ಬಸ್ಸು ನಿಲ್ದಾಣದ ಬಳಿ ಹೋಟೆಲು ನಡೆಸುತ್ತಿದ್ದವರು ನಾಲ್ಕನೆಯ ದಿನ ಶೆಟ್ಟರಿಗೆ ಬೇರೆಯ ಸುದ್ದಿ ತಂದರು. ಶಾಲೆ ಬಿಟ್ಟೊಡನೆ ಮೇಷ್ಟರು ಅಲ್ಲಿಗೆ ಬಂದು, ಒಳಗೆ ಕೂರದೆ ಹೊರಗಿನ ಕಂಬಕ್ಕೆ ಒರಗಿ ನಿಂತು, ರೇಡಿಯೋ ಕೇಳಿ ಹೋಗುತ್ತಿದ್ದರಂತೆ. ವಿಶ್ವನಾಥರು ಔಟಾದ ಸುದ್ದಿ ಕೇಳಿ ಕೈಯಲ್ಲಿದ್ದ ಕಾಫಿಯನ್ನು ಕುಡಿಯದೆ ಇಟ್ಟುಹೋದರಂತೆ. ಶೆಟ್ಟರು ಈ ಮಾತನ್ನು ಕೇಳಿ ಬಹಳ ಹೊತ್ತು ಬಟ್ಟೆಯನ್ನು ಮಡಿಸುತ್ತ ಕುಳಿತಿದ್ದರು.

ನಮ್ಮ ಹೆಂಗಸರು ಮುದ್ದಾದ ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟನ್ನು ಇಡುತ್ತಾರೆ. ‘ನನ್ನ ಮಗು ಕಪ್ಪು, ನನ್ನ ಮಗು ಪೀಚು’ ಎಂದು ನೆರೆಯವರ ಎದುರಿನಲ್ಲಿ ಹಳಿಯುತ್ತಾರೆ. ಮಗುವಿನ ಮೇಲೆ ಪ್ರೀತಿಯಿಲ್ಲದೆ ಹೀಗೆ ಮಾಡುತ್ತಾರೆಯೆ? ಪ್ರೀತಿ ಅತಿಯಾದುದರಿಂದಲೇ ಹೀಗೆ ಮಾಡುತ್ತಾರೆ. ‘ಗೆಲ್ಲುತ್ತೇವೆ’ ಎಂದು ಬಾಯಿಬಿಟ್ಟು ಹೇಳಿದರೆ ಎಲ್ಲಿ ದೃಷ್ಟಿ ತಗಲುವುದೋ ಎಂಬ ಭಯ ಕೆಲವರಿಗೆ ಇರುತ್ತದೆ. ಅಂತಹವರು ಮೊದಲೇ ಸೋಲನ್ನು ನುಡಿದು ವಿಧಿಯನ್ನು ವಂಚಿಸಲು ನೋಡುತ್ತಾರೆ. ತಮ್ಮ ಮಾತು ಸುಳ್ಳಾಗಲಿ ಎಂಬುದೇ ಅವರ ಪ್ರಾರ್ಥನೆ. ಗಣಿತ ಕಲಿಸುವ ಮೇಷ್ಟರು ಇಂತಹ ನಂಬಿಕೆಯನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವಂತಿರಲಿಲ್ಲ. ಲೆಕ್ಕದ ಹೆಸರು ಹೇಳಿ ಬೊಟ್ಟಿಡುತ್ತಿದ್ದರು. ಅದನ್ನು ದ್ವೇಷವೆಂದು ಕರೆದುದೇ ಶೆಟ್ಟರ ಅಪರಾಧ.

ಜನವರಿ ೨೯ರಂದು ಭಾರತವು ೨೦೨ಕ್ಕೆ ಮುಗಿದು, ೨೦೧ ರನ್ನುಗಳಿಂದ ಪಂದ್ಯವನ್ನೂ, ಮೂರಕ್ಕೆ ಎರಡರಂತೆ ಸರಣಿಯನ್ನೂ ಸೋತಿತು. ನಾಯಕ ಪಟೌಡಿಯವರಿಗೆ ಅದೇ ಕೊನೆಯ ಟೆಸ್ಟಾಯಿತು. ದೀಪ ಹಚ್ಚುವ ವೇಳೆಗೆ ಸಭೆ ಕರಗಿತ್ತು. ಶೆಟ್ಟರು ಬಾಗಿಲ ಹಲಗೆಗಳನ್ನು ಜೋಡಿಸಲು ಎದ್ದಾಗ ಮೇಷ್ಟರು ಕೊಡೆಯನ್ನು ಊರಿಕೊಂಡು ಬಂದು, ಎಂದೂ ಕೂರುವ ಸ್ಥಳದಲ್ಲಿ ಕುಳಿತರು.

ಸ್ವಲ್ಪ ಹೊತ್ತಾದ ಮೇಲೆ ಶೆಟ್ಟರು, ‘ನೀವು ಹೇಳಿದ್ದೇ ಆಯಿತಲ್ಲ, ಮೇಷ್ಟ್ರೆ’ ಎಂದರು.

‘ಆಗಬಾರದಾಗಿತ್ತು, ಶೆಟ್ಟರೆ’ ಎಂದರು ಮೇಷ್ಟರು.

ಇದಕ್ಕಿಂತ ಹೆಚ್ಚಿನ ಕ್ಷಮಾಪಣೆಯನ್ನು ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ. ಶೆಟ್ಟರು ಹಲಗೆಯನ್ನು ಕೆಳಗಿಟ್ಟು ಕಾಫಿ ತರಿಸಿದರು. ಕಾಫಿ ಮುಗಿಯುವ ಮೊದಲೇ, ಮದರಾಸಿನ ಆ ೯೭ ದೊಡ್ಡದೋ ಕಲ್ಕತ್ತೆಯ ೧೩೯ ದೊಡ್ಡದೋ ಎಂಬ ಪ್ರಶ್ನೆ ಎದ್ದಿತು. ಶತಕವಲ್ಲದ್ದು ಶತಕವಲ್ಲವೆಂದು ಗಣಿತದ ಮೇಷ್ಟರು ಹೇಳುವರೆಂದು ಶೆಟ್ಟರು ಎಣಿಸಿದ್ದರು. ಮೇಷ್ಟರು ೯೭ರ ಪಕ್ಷವನ್ನು ಹಿಡಿದರು: ‘ನೂರತೊಂಬತ್ತರಲ್ಲಿ ತೊಂಬತ್ತೇಳು. ಅರ್ಧ ತಂಡ ಆತನೊಬ್ಬನೇ. ಲೆಕ್ಕವನ್ನು ಹಾಗೆ ನೋಡಬೇಕು.’ ಶೆಟ್ಟರು ಒಡನೆಯೇ ೧೩೯ರ ಪಕ್ಷವನ್ನು ಹಿಡಿದರು.

ಮರುವರುಷ ೧೯೭೬ರ ಏಪ್ರಿಲಿನಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ ಅದೇ ಲಾಯ್ಡರ ತಂಡವು ಭಾರತಕ್ಕೆ ೪೦೩ ರನ್ನುಗಳ ಗುರಿಯನ್ನು ಕೊಟ್ಟಿತು. ಅಷ್ಟನ್ನು ಕೊನೆಯ ಇನಿಂಗ್ಸಿನಲ್ಲಿ ಮಾಡಿ ಗೆದ್ದ ತಂಡ ಅದುವರೆಗೆ ಒಂದೇ. ೧೯೪೮ರಲ್ಲಿ ಲೀಡ್ಸಿನಲ್ಲಿ ಆಡಿದ ಬ್ರಾಡ್ಮನ್ನರ ಆಸ್ಟ್ರೇಲಿಯಾ. ‘ಅಸಾಧ್ಯ’ ಎಂದರು ಮೇಷ್ಟರು. ಗಾವಸ್ಕರರು ೧೦೨, ವಿಶ್ವನಾಥರು ೧೧೨ ಹೊಡೆದು, ಭಾರತವು ೪ ವಿಕೆಟ್ಟಿಗೆ ೪೦೬ ಮಾಡಿ ಗೆದ್ದಿತು. ಬೆಳಗಿನ ವಾರ್ತೆಯನ್ನು ಕೇಳಿ ಶೆಟ್ಟರು ಅಂಗಡಿಗೆ ಬರುವಷ್ಟರಲ್ಲಿ, ಮುಚ್ಚಿದ ಬಾಗಿಲಿನ ಮುಂದೆ ಮೇಷ್ಟರು ಕಲ್ಲುಸಕ್ಕರೆಯ ಪೊಟ್ಟಣವನ್ನು ಹಿಡಿದು ನಿಂತಿದ್ದರು. ಅಷ್ಟು ವರುಷಗಳ ವಾದದಲ್ಲಿ ಅವರು ಅಷ್ಟು ಪೂರ್ತಿಯಾಗಿ ಸೋತುದು ಇನ್ನೊಮ್ಮೆ ಇರಲಿಲ್ಲ. ಅಷ್ಟು ಸಂತೋಷದಿಂದ ಇದ್ದುದನ್ನೂ ಪೇಟೆಬೀದಿಯವರು ಕಂಡಿರಲಿಲ್ಲ.

ಶೆಟ್ಟರು ಬೀಗ ತೆಗೆಯುತ್ತ ಕೇಳಿದರು: ‘ಮುಂದಿನದು ಏನಾಗುತ್ತದೆ, ಮೇಷ್ಟ್ರೆ?’

‘ಸೋಲುತ್ತೇವೆ’ ಎಂದು ಮೇಷ್ಟರು ಕಲ್ಲುಸಕ್ಕರೆಯನ್ನು ಅವರ ಕೈಗೆ ಹಾಕಿದರು.