ಎಳೆಗೂಸಿನ ಮೊದಲ ವಾರಗಳು

ಹುಟ್ಟಿದಂದಿನಿಂದ 28 ದಿನಗಳವರೆಗಿನ ಕಾಲವನ್ನು ವೈದ್ಯಶಾಸ್ತ್ರವು ನವಜಾತ ಅವಸ್ಥೆಯೆಂದು ಗುರುತಿಸಿದರೆ, ಕನ್ನಡ ಮನೆಗಳು ಅದನ್ನು ಹಸಿ ಬಾಣಂತನದ ಕಾಲವೆಂದು ತಿಳಿದಿವೆ. ಉಸಿರು, ಆಹಾರ, ಬಿಸುಪು ಎಲ್ಲವನ್ನೂ ತಾಯಿಯ ಮೈಯಿಂದಲೇ ಪಡೆಯುತ್ತಿದ್ದ ಕೂಸು ಈ ಅಲ್ಪಾವಧಿಯಲ್ಲಿ ಅವನ್ನು ತಾನೇ ನಡೆಸಲು ಕಲಿಯಬೇಕಾಗುವುದರಿಂದ, ಕಾಯಿಲೆಯಂತೆ ತೋರುವ ಹಲವು ಲಕ್ಷಣಗಳು ಆ ಸ್ಥಿತ್ಯಂತರದ ಗುರುತುಗಳಷ್ಟೇ ಆಗಿರುತ್ತವೆ. ಮನೆಯವರಿಗಾದರೋ ಏನನ್ನಾದರೂ ಮಾಡಬೇಕೆಂಬ ಆತುರ; ಈ ವಾರಗಳ ಅನೇಕ ತೊಂದರೆಗಳು ಆ ಆತುರದಿಂದಲೇ ಹುಟ್ಟುತ್ತವೆ.

ಮೊದಲ ಆತಂಕ ತೂಕದ್ದು. 3 ಕಿಲೋ ತೂಗುತ್ತಿದ್ದ ಕೂಸು ಮೂರು ನಾಲ್ಕು ದಿನಗಳಲ್ಲಿ 200 ಗ್ರಾಂನಷ್ಟು ಇಳಿಯುವುದು ಅಸಹಜವಲ್ಲ. ಮೈಯಲ್ಲಿದ್ದ ಹೆಚ್ಚುವರಿ ನೀರು ಹೊರಹೋಗುವುದರಿಂದ ಆಗುವ ಈ ಇಳಿಕೆ ಸಾಮಾನ್ಯವಾಗಿ ಎರಡು ವಾರಗಳೊಳಗೆ ತುಂಬಿಕೊಳ್ಳುತ್ತದೆ, ಶೇಕಡಾ 10ರ ಸಮೀಪಕ್ಕೆ ಬಂದರೆ ವೈದ್ಯರು ಹಾಲೂಡಿಕೆಯನ್ನು ಪರಿಶೀಲಿಸುತ್ತಾರೆ. ಮೊದಲ ದಿನಗಳಲ್ಲಿ ಒಸರುವ ಹಳದಿ ಛಾಯೆಯ ಮಂದ ಹಾಲು ಕೆಲವು ಚಮಚಗಳಷ್ಟೇ ಇದ್ದರೂ ರೋಗನಿರೋಧಕ ಅಂಶಗಳಿಂದ ತುಂಬಿರುತ್ತದೆ, ಕೂಸಿನ ಪುಟ್ಟ ಹೊಟ್ಟೆಗೆ ಅಷ್ಟೇ ಸಾಕು. ಇದನ್ನರಿಯದೆ ‘ಹಾಲು ಇಳಿದಿಲ್ಲ’ ಎಂದು ಸಕ್ಕರೆ ನೀರು ಕುಡಿಸುವುದು ಕೂಸಿನ ಹಸಿವನ್ನೂ ಚೀಪುವ ಹುರುಪನ್ನೂ ಕುಗ್ಗಿಸಿ, ಚೀಪಿದಷ್ಟೂ ಹೆಚ್ಚುವ ತಾಯಿಯ ಹಾಲನ್ನೇ ತಡಮಾಡುತ್ತದೆ. ಜೇನು ನೆಕ್ಕಿಸುವುದು ಇನ್ನೂ ಅಪಾಯಕರ. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆತು ಸ್ನಾಯುಗಳನ್ನು ಸೋಲಿಸುವ ವಿಷವನ್ನು ಉಂಟುಮಾಡಬಲ್ಲವು. ಹಾಲು ಸಾಲುತ್ತಿದೆಯೇ ಎಂಬುದಕ್ಕೆ ಕೂಸಿನ ಅಳುವಿಗಿಂತ ನಂಬಲರ್ಹವಾದ ಸಾಕ್ಷಿ ಅದರ ಬಟ್ಟೆ: ಮೊದಲ ವಾರದ ಕೊನೆಗೆ ದಿನಕ್ಕೆ ಆರು ಸಲವಾದರೂ ಅದು ಒದ್ದೆಯಾಗಬೇಕು.

ಎರಡನೆಯ ಆತಂಕ ಹಳದಿ ಬಣ್ಣದ್ದು. ಗರ್ಭದಲ್ಲಿ ಬೇಕಾಗಿದ್ದ ಹೆಚ್ಚಿನ ಕೆಂಪು ರಕ್ತಕಣಗಳು ಹುಟ್ಟಿದ ಮೇಲೆ ಒಡೆಯತೊಡಗಿದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಳಿಯುತ್ತದೆ, ಅದನ್ನು ಹೊರಹಾಕಬೇಕಾದ ಯಕೃತ್ತು ಇನ್ನೂ ಪಳಗಿರುವುದಿಲ್ಲವಾದ್ದರಿಂದ ಎರಡು ಮೂರನೆಯ ದಿನ ಬಹಳಷ್ಟು ಕೂಸುಗಳ ಮುಖ ಹಳದಿಯಾಗುತ್ತದೆ, ಎರಡು ವಾರಗಳಲ್ಲಿ ತಿಳಿಯಾಗುತ್ತದೆ. ಕೂಸನ್ನು ಎಳೆಬಿಸಿಲಿಗೆ ಹಿಡಿಯುವ ರೂಢಿಯಲ್ಲಿ ಒಂದು ಸತ್ಯಾಂಶವಿದೆ: 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಬಿಸಿಲು ತಾಗಿದ ಕಡೆ ಕೂಸಿನ ಹಳದಿ ಮಾಸಿದ್ದನ್ನು ದಾದಿಯೊಬ್ಬರು ಗಮನಿಸಿದ್ದರಿಂದಲೇ ಇಂದಿನ ನೀಲಿ ಬೆಳಕಿನ ಚಿಕಿತ್ಸೆ ಬೆಳೆದುಬಂತು. ಆದರೆ ಅಂಗಳದ ಬಿಸಿಲಿಗೆ ಅಳತೆಯಿಲ್ಲ. ಹುಟ್ಟಿದ 24 ಗಂಟೆಗಳೊಳಗೆ ಕಾಣಿಸಿಕೊಂಡ ಅಥವಾ ಅಂಗೈ ಅಂಗಾಲುಗಳವರೆಗೆ ಇಳಿದ ಹಳದಿ ಬಿಸಿಲಿಗೆ ಬಿಡುವಂಥದಲ್ಲ. ಬಿಲಿರುಬಿನ್ ಮಿತಿಮೀರಿದರೆ ಮಿದುಳಿಗೇ ಶಾಶ್ವತ ಹಾನಿಯಾದೀತು.

ಹೀಗೆಯೇ, ತಾಯಿಯಿಂದ ಬಂದ ಹಾರ್ಮೋನುಗಳ ಪ್ರಭಾವದಿಂದ ಗಂಡು ಹೆಣ್ಣು ಎರಡೂ ಕೂಸುಗಳ ಎದೆ ಊದಿಕೊಳ್ಳುವುದುಂಟು; ಅದನ್ನು ಹಿಂಡಿದರೆ ಕೀವಾಗುತ್ತದೆ, ಬಿಟ್ಟರೆ ತಾನೇ ಇಳಿಯುತ್ತದೆ. ಹೆಣ್ಣುಕೂಸಿಗೆ ಒಂದೆರಡು ದಿನ ತುಸು ರಕ್ತಸ್ರಾವವಾಗುವುದಕ್ಕೂ ಇದೇ ಕಾರಣ. ಸದ್ದಿಗೆ ಕೈಗಳನ್ನು ಚಾಚಿ ಬೆಚ್ಚುವುದು ಮೋರೋ ಪ್ರತಿವರ್ತನೆ ಎಂಬ ಹುಟ್ಟುಗುಣ, ಅದನ್ನು ಹೆದರಿಕೆಯೆಂದು ತಿಳಿದು ತಾಯಿತ ಕಟ್ಟಬೇಕಾಗಿಲ್ಲ. ಹೊಕ್ಕುಳಬಳ್ಳಿಯ ತುಂಡು ಒಣಗಿ ಒಂದೆರಡು ವಾರಗಳಲ್ಲಿ ಬೀಳುತ್ತದೆ. ಅದಕ್ಕೆ ಎಣ್ಣೆ, ಅರಿಸಿನ, ಬೂದಿ ಯಾವುದೂ ಬೇಡ.

ಹಾಗೆಂದು ರೂಢಿಗಳೆಲ್ಲ ತಪ್ಪೆನ್ನಲಾಗದು. ಹತ್ತು ಹನ್ನೊಂದು ದಿನ ಪುರುಡು ಆಚರಿಸಿ ತಾಯಿಮಗುವನ್ನು ಪ್ರತ್ಯೇಕವಾಗಿರಿಸುವ ಪದ್ಧತಿಗೆ ಮಡಿಮೈಲಿಗೆಯ ಕಲ್ಪನೆ ಮೂಲವಾಗಿದ್ದರೂ, ನೋಡಬರುವವರ ಸಂದಣಿಯಿಂದ, ಅದರೊಡನೆ ಬರುವ ಸೋಂಕಿನಿಂದ ಅದು ಕೂಸನ್ನು ಕಾಯುತ್ತದೆ, ಬಾಣಂತಿಗೆ ನಿದ್ದೆ ಕೊಡುತ್ತದೆ. ಮುಚ್ಚಿದ ಕೋಣೆಯ ಸಾಂಬ್ರಾಣಿ ಹೊಗೆ ಮಾತ್ರ ಎಳೆಯ ಶ್ವಾಸಕೋಶಕ್ಕೆ ಹೊರೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬರುವ ಸರ್ಕಾರಿ ವ್ಯವಸ್ಥೆ ರೂಢಿ ಮತ್ತು ವೈದ್ಯಶಾಸ್ತ್ರ ಎಂಬ ಎರಡು ತಿಳಿವಳಿಕೆಗಳ ನಡುವಣ ಕೊಂಡಿ.

ಕೂಸು ಹಾಲು ಬಿಟ್ಟರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಉಸಿರು ನಿಮಿಷಕ್ಕೆ 60ನ್ನು ತಲುಪಿದರೆ ಅಥವಾ ಮೀರಿದರೆ, ಪಕ್ಕೆ ಒಳಸೆಳೆದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ ಗಳಿಗೆಯೂ ತಡಮಾಡಬಾರದು. ಉಳಿದುದನ್ನು ಹಾಲು, ಬಿಸುಪು, ಶುಚಿಯಾದ ಕೈ ನೋಡಿಕೊಳ್ಳುತ್ತವೆ. ಯಾವುದನ್ನು ಸುಮ್ಮನೆ ಬಿಡಬೇಕು, ಯಾವುದಕ್ಕೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು ಎಂದು ಬಲ್ಲ ಹಿರಿಯರೊಬ್ಬರು ಮನೆಯಲ್ಲಿದ್ದರೆ ಬಾಣಂತನದ ಮುಕ್ಕಾಲು ಭಾರ ಇಳಿದಂತೆಯೇ.